ಪ್ಯಾಕಿಂಗ್ ಮೀಮಾಂಸೆ: ಕಾಫಿ ಸೀಮೆಯ ಕಾರ್ಬೋರೇಟರ್ ಸ್ಪೇಸರಿನ ಉಪಾದಾನ ವಿಚಾರ

ಕಾರ್ಬೋರೇಟರಿಗೂ ಎಂಜಿನ್ನಿಗೂ ನಡುವೆ ಕೂತ, ನಡುವೆ ತೂತಿರುವ ದಪ್ಪನೆಯ ಬಿಲ್ಲೆಗೆ ಸ್ಪೇಸರ್ ಎಂದು ಹೆಸರು. ಗ್ಯಾರೇಜಿನ ಪರಿಭಾಷೆಯಲ್ಲಿ ಪ್ಯಾಕಿಂಗ್. ‘ಇವೆರಡರ ನಡುವೆ ಇರುವುದು’ ಎಂದಷ್ಟೇ ಲಕ್ಷಣ ಹೇಳಿದರೆ ಅತಿವ್ಯಾಪ್ತಿ ದೋಷ: ಮಳೆಗಾಲದಲ್ಲಿ ಬಿಚ್ಚಿಟ್ಟ ಎಂಜಿನ್ನಿನ ಬಾಯಲ್ಲಿ ಕಣಜ ಕಟ್ಟಿದ ಮಣ್ಣುಗೂಡೂ ಸ್ಪೇಸರ್ ಆಗಿಬಿಡುತ್ತದೆ. ‘ಕಂಪನಿಯಿಂದ ಬಂದದ್ದು’ ಎಂದು ಸೇರಿಸಿದರೆ ಅವ್ಯಾಪ್ತಿ. ಮೂಡಿಗೆರೆ ಸುತ್ತಿನ ಎಷ್ಟೋ ತೋಟಗಳ ಗಾಡಿಗಳು ಲಕ್ಷಣದ ಹೊರಗೇ ಉಳಿಯುತ್ತವೆ. ‘ಕಾವನ್ನು ತಡೆದು ಉಸಿರನ್ನು ಬಿಡುವುದು’ ಎಂಬುದೇ ನಿರ್ದುಷ್ಟ ಲಕ್ಷಣ.

ಪ್ರಯೋಜನವನ್ನು ಚಾರ್ಮಾಡಿ ಘಾಟಿಯ ತಲೆಯಲ್ಲಿ ಪ್ರತ್ಯಕ್ಷ ಕಾಣಬಹುದು. ಉಜಿರೆ ಕಡೆಯಿಂದ ಏರಿದ ಹಳೆಯ ಪೆಟ್ರೋಲ್ ಜೀಪು ಕೊಟ್ಟಿಗೆಹಾರದವರೆಗೆ ತಕರಾರಿಲ್ಲದೆ ಬರುತ್ತದೆ. ಒಳಗಿದ್ದವರು ನೀರು ದೋಸೆ ತಿಂದು ಕೈ ತೊಳೆದು ಬರುವಷ್ಟರಲ್ಲಿ ಮುನಿಸಿಕೊಂಡಿರುತ್ತದೆ. ಎಂಜಿನ್ ನಿಂತ ಕೂಡಲೇ ಫ್ಯಾನೂ ನಿಂತು, ನೀರಿನ ಓಡಾಟವೂ ನಿಂತು, ಒಳಗಿನ ಕಾವೆಲ್ಲ ಮೇಲೇರಿ ಕಾರ್ಬೋರೇಟರಿನ ಬಟ್ಟಲಿಗೆ ಬರುತ್ತದೆ. ಪೆಟ್ರೋಲಿನ ಹಗುರ ಅಂಶಗಳಿಗೆ ಆವಿಯಾಗಲು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಸಾಕು. ಅಂದರೆ ಆರಿಹೋಯಿತೆಂದು ಹೋಟೆಲಿನಲ್ಲಿ ವಾಪಸು ಕಳಿಸುವ ಕಾಫಿಯಷ್ಟು ಬೆಚ್ಚಗಾದರೂ ಪೆಟ್ರೋಲು ಕುದಿಯತೊಡಗುತ್ತದೆ. ಆಗ ಒದ್ದೆ ಬಟ್ಟೆ ಹಾಕುವುದು ಪ್ರಾಯಶ್ಚಿತ್ತ ಕಾಂಡಕ್ಕೆ ಸೇರಿದ್ದು, ಇಲ್ಲಿ ಅಪ್ರಸ್ತುತ. ಸ್ಪೇಸರ್ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎಂಬ ಇನ್ನೊಂದು ಪಂಥವಿದೆ. ಗಾಳಿಯ ದಾರಿ ಉದ್ದವಾದರೆ ಎಳೆತದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಬರುವುದು ನಿಜ. ಆದರೆ ಈ ಪಂಥದವರು ಹೆಚ್ಚಾಗಿ ಆರ್‌ಎಕ್ಸ್ 100 ಇಟ್ಟುಕೊಂಡವರಾದ್ದರಿಂದ, ಗಾಡಿ ಸ್ಟಾರ್ಟ್ ಆದ ಮೇಲೆ ಪ್ರತಿವಾದ ಅವರಿಗೆ ಕೇಳಿಸುವುದಿಲ್ಲ.

ಮಡಕೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ. ಸ್ಪೇಸರಿಗೆ ನಿಮಿತ್ತ ಕಾರಣ ತೋಟದ ರೈಟರೋ, ಡ್ರೈವರೋ, ರಜೆಗೆ ಬಂದ ಇಂಜಿನಿಯರಿಂಗ್ ಓದುವ ಮಗನೋ ಆಗಬಹುದು, ಬಿಕ್ಕಟ್ಟೆಲ್ಲ ಉಪಾದಾನದ್ದೇ. ಪೇಟೆಯಲ್ಲಿ ಗುಣ ನೋಡಿ ವಸ್ತು ಆರಿಸುತ್ತಾರೆ. ಕಳಸದ ಕಡೆ ಜುಲೈ ತಿಂಗಳಲ್ಲಿ, ಕರೆಂಟು ಹೋಗಿ, ರಸ್ತೆಗೆ ಮರ ಅಡ್ಡ ಬಿದ್ದಿರುವಾಗ, ಮೊದಲು ವಸ್ತು ಸಿಗಬೇಕು, ಗುಣ ಆಮೇಲೆ.

ಅಲ್ಯುಮಿನಿಯಂ ನೋಡಲು ಚೆಂದ, ಕೊರೆಯಲು ಸುಲಭ, ಲೇತಿನವನಿಗೂ ಪ್ರಿಯ. ಒಂದೇ ದೋಷವೆಂದರೆ ಅದು ಕಾವನ್ನು ಬೇಕಲೈಟಿಗಿಂತ ನೂರಾರು ಪಟ್ಟು ಚುರುಕಾಗಿ ದಾಟಿಸುತ್ತದೆ. ಕಾವಲಿಗೆ ಕಳ್ಳನನ್ನೇ ನಿಲ್ಲಿಸಿದಂತಾಗುತ್ತದೆ. ಹವಾಯಿ ಚಪ್ಪಲಿಯ ಹಿಮ್ಮಡಿಯನ್ನೂ ಪ್ರಯೋಗಿಸಿದವರುಂಟು. ಸಾಮಾನ್ಯ ರಬ್ಬರು ಪೆಟ್ರೋಲಿಗೆ ಉಬ್ಬುವುದರಿಂದ ಬೆಳಗ್ಗೆ ಪ್ಯಾಕಿಂಗ್ ಆಗಿದ್ದದ್ದು ಸಂಜೆಗೆ ಬಿರಡೆಯಾಗುತ್ತದೆ. ಅಡಿಕೆ ಹಾಳೆ ಊಟಕ್ಕೆ ಸಾಕು.

ಮರದ ಪಕ್ಷ ಅಷ್ಟು ಸುಲಭಕ್ಕೆ ಬಿದ್ದುಹೋಗುವಂಥದ್ದಲ್ಲ. ಮರ ಕಾವನ್ನು ಚೆನ್ನಾಗಿ ತಡೆಯುತ್ತದೆ. ಅಮೆರಿಕದ ದೊಡ್ಡ ಕಾರುಗಳಿಗೆ ಪದರ ಮರದ ಸ್ಪೇಸರುಗಳನ್ನು ಅಂಗಡಿಯಲ್ಲೇ ಮಾರುತ್ತಾರೆ. ಕಾಫಿ ತೋಟದಲ್ಲಿ ಕೈಗೆ ಮೊದಲು ಸಿಗುವುದು ಸಿಲ್ವರ್ ಓಕ್. ಅದು ಓಕ್ ಅಲ್ಲ, ಆಸ್ಟ್ರೇಲಿಯಾದಿಂದ ನೆರಳಿಗೆಂದು ಬಂದು ಮೆಣಸಿನ ಬಳ್ಳಿ ಹೊತ್ತು ನಿಂತ ಗ್ರೆವಿಲಿಯಾ. ಹೆಸರಿನಲ್ಲೇ ಸುಳ್ಳಿದ್ದರೂ ಕೆಲಸದಲ್ಲಿಲ್ಲ. ಆದರೆ ಆಷಾಢದಲ್ಲಿ ಹೀರಿದ ನೀರನ್ನು ಮಾರ್ಚಿನಲ್ಲಿ ಬಿಟ್ಟು ಕುಗ್ಗುತ್ತದೆ, ಬೋಲ್ಟು ಸಡಿಲಾಗುತ್ತದೆ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಬೀಟೆ ಗಟ್ಟಿ, ನುಣುಪು, ಗಂಭೀರ. ಕಡಿಯಲು ಮಾತ್ರ ಅನುಮತಿ ಬೇಕು. ಅರ್ಜಿಯಲ್ಲಿ ‘ಉದ್ದೇಶ: ಕಳೆ ಹೊಡೆಯುವ ಮೆಷಿನ್ನಿಗೆ 10 ಮಿ.ಮೀ. ತುಂಡು’ ಎಂದು ಬರೆಯುವ ಎದೆಗಾರಿಕೆ ಯಾರಿಗೂ ಇದ್ದಂತಿಲ್ಲ. ಕಾಫಿ ಗಿಡದ ಬೊಡ್ಡೆಯೇ ಆಗಬಾರದೇಕೆ ಎಂಬುದು ದೇಶಾಭಿಮಾನಿಗಳ ಪ್ರಶ್ನೆ. ಅರೇಬಿಕಾದ ಬೊಡ್ಡೆಯಲ್ಲಿ ಬಿಳಿ ಕಾಂಡಕೊರಕ ಮೊದಲೇ ತೂತು ಕೊರೆದಿಟ್ಟಿರುವುದರಿಂದ ಡ್ರಿಲ್ಲಿನ ಶ್ರಮ ಉಳಿಯುತ್ತದೆ. ಹುಳು ಕೊರೆದ ದಾರಿ ಕಂಪನಿಯ ಅಳತೆಗೆ ಹೊಂದುವುದಿಲ್ಲ ಎಂಬುದಷ್ಟೇ ಕೊರತೆ.

ಪ್ಲಾಸ್ಟಿಕ್ಕಿನಲ್ಲಿ ತರಕಾರಿ ಹೆಚ್ಚುವ ಬಿಳಿ ಮಣೆ ಅಡುಗೆಮನೆಯಿಂದ ಮೊದಲು ಕಣ್ಮರೆಯಾಗುವ ವಸ್ತು. ಅದು ಪಾಲಿಥೀನ್, 130 ಡಿಗ್ರಿಯ ಹೊತ್ತಿಗೆ ಕರಗುತ್ತದೆ. ಟೆಫ್ಲಾನ್ 327 ಡಿಗ್ರಿಯವರೆಗೆ ಕರಗದಿದ್ದರೂ ಬೋಲ್ಟು ಬಿಗಿದಷ್ಟೂ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಎದುರು ಮಾತಾಡದೆ ಕೆಲಸ ತಪ್ಪಿಸಿಕೊಳ್ಳುವವರ ಸ್ವಭಾವವದು.

ಕೊನೆಗೆ ನಿಲ್ಲುವ ಸಿದ್ಧಾಂತ ಬೇಕಲೈಟ್. ಬೆಲ್ಜಿಯಂನಲ್ಲಿ ಹುಟ್ಟಿದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಅಮೆರಿಕದಲ್ಲಿ ಇದನ್ನು ಮಾಡಿದ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ತೀರಾ ಸುಟ್ಟರೆ ಕರಿಕಲಾಗುತ್ತದೆಯೇ ಹೊರತು ಹರಿಯುವುದಿಲ್ಲ. ಸ್ಪ್ಲೆಂಡರಿನ ಕಾರ್ಬೋರೇಟರ್ ಬಿಚ್ಚಿದರೆ ಓ-ರಿಂಗ್ ಸಮೇತ ಕಾಣುವ ಕಪ್ಪು ತುಂಡು ಇದೇ. ಬಟ್ಟೆಗೋ ಕಾಗದಕ್ಕೋ ಇದೇ ಜಾತಿಯ ಅಂಟು ಕುಡಿಸಿ ಒತ್ತಿದ ಹಲಗೆಗೆ ಹೈಲಮ್ ಶೀಟ್ ಎನ್ನುತ್ತಾರೆ. ತೋಟದಲ್ಲಿ ಇದರ ನಿಕ್ಷೇಪ ಎರಡು ಕಡೆ ಇದೆ: ಕುಕ್ಕರಿನ ಹಿಡಿಯಲ್ಲಿ ಬೇಕಲೈಟ್, ಹಳೆಯ ಲೈನ್ ಮನೆಯ ಸ್ವಿಚ್ ಬೋರ್ಡಿನಲ್ಲಿ ಹೈಲಮ್. ಮೊದಲನೆಯದು ಗೃಹಶಾಂತಿಯ ದೃಷ್ಟಿಯಿಂದ ನಿಷಿದ್ಧ. ಎರಡನೆಯದರಲ್ಲಿ ಸ್ವಿಚ್ಚು ಕೂರಿಸಲು ಕೊಯ್ದ ಚೌಕ ತೂತುಗಳು ಮೊದಲೇ ಇರುವುದರಿಂದ, ಅವುಗಳ ನಡುವೆ ಉಳಿದ ಜಾಗದಲ್ಲೇ ಸ್ಪೇಸರ್ ಮೂಡಬೇಕು. ಒಂದು ತುಂಡು ತೆಳುವಾದರೆ ಮೂರು ಸೇರಿಸಿ ಅಂಟಿಸಬೇಕು. ದಪ್ಪ ಹೆಚ್ಚಿದಂತೆ ಉದ್ದದ ಸ್ಟಡ್ಡು ಬೇಕು, ಏರ್ ಫಿಲ್ಟರಿನ ಪೈಪು ಎಟುಕದು.

ತೂತನ್ನೂ ಉಪಾದಾನದಲ್ಲಿ ಸೇರಿಸಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವೆಂದು ಒಪ್ಪಿದ್ದಾರೆ. ಕಳೆ ಹೊಡೆಯುವ ಮೆಷಿನ್ನು ಅವರ ಪಕ್ಷ. ಅಂಥ ಎಷ್ಟೋ ಟೂ-ಸ್ಟ್ರೋಕ್ ಎಂಜಿನ್ನುಗಳ ಸ್ಪೇಸರಿನಲ್ಲಿ ಉಸಿರಿನ ದೊಡ್ಡ ತೂತಿನ ಪಕ್ಕ ಕಡ್ಡಿ ತೂರುವಷ್ಟು ಸಣ್ಣ ತೂತೊಂದಿರುತ್ತದೆ. ಕ್ರ್ಯಾಂಕಿನ ಕೋಣೆಯ ಒತ್ತಡದ ಮಿಡಿತ ಅದರ ಮೂಲಕವೇ ಹೋಗಿ ಕಾರ್ಬೋರೇಟರಿನ ಪೊರೆಯನ್ನು ಬಡಿದು ಪೆಟ್ರೋಲು ಎಳೆಯುತ್ತದೆ. ಅತ್ಯುತ್ತಮ ಹೈಲಮ್ಮಿನಲ್ಲಿ ಈ ಅಭಾವದ ಅಭಾವವಾದರೆ ಹಗ್ಗ ಎಳೆದ ಭುಜ ನೋಯುವುದೊಂದೇ ಫಲ.

ಸ್ಪೇಸರ್ ಸರಿ ಕೂತಿದೆಯೇ ಎಂಬುದಕ್ಕೆ ಶಬ್ದವೇ ಪ್ರಮಾಣ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ರೇಸ್ ಆಗುತ್ತಿದ್ದರೆ ಸಂದಿಯಲ್ಲಿ ಗಾಳಿ ಎಳೆಯುತ್ತಿದೆಯೆಂದು ಅನುಮಾನ. ಅಲ್ಲಿ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟಾಗ ಸದ್ದು ಗಳಿಗೆ ಹೊತ್ತು ಬದಲಾದರೆ ಅನುಮಾನ ದೃಢ. ಬಿಚ್ಚಿ, ಗಾಜಿನ ಮೇಲೆ ಮರಳು ಕಾಗದ ಹಾಸಿ, ಎರಡೂ ಮುಖ ತಿಕ್ಕಿ ಸಮ ಮಾಡಿ ಮತ್ತೆ ಕೂರಿಸಬೇಕು. ಬದಲಾಗದಿದ್ದರೆ ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿದು, ಲೈನ್ ಮನೆಗೆ ಬೇರೆ ಸ್ವಿಚ್ ಬೋರ್ಡು ತರಲು ಪೇಟೆಗೆ ಹೋಗಬಹುದು.