ಡಬ್ಬಿಯೊಳಗಿನ ಸದ್ದು

ಖಾಲಿ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಬಾರದು. ಇದನ್ನು ನನಗೆ ಹೇಳಿಕೊಟ್ಟವನು ನಮ್ಮ ಲಿಯೋ ಕ್ಲಬ್ಬಿನ ಖಜಾಂಚಿ. ಹೊರಡುವ ಮುಂಚೆ ತನ್ನ ಜೇಬಿನಿಂದಲೇ ನಾಲ್ಕು ಎಂಟಾಣೆ ತೆಗೆದು ಸೀಳಿನೊಳಗೆ ಬಿಡುತ್ತಿದ್ದ. "ಸದ್ದು ಬರದಿದ್ರೆ ಯಾರೂ ಹಾಕಲ್ಲ ಕಣೋ." ಸಂಜೆ ಲೆಕ್ಕ ಮಾಡುವಾಗ ಆ ಎರಡು ರೂಪಾಯಿಯನ್ನು ಮರೆಯದೆ ಎತ್ತಿಟ್ಟುಕೊಳ್ಳುತ್ತಿದ್ದ. ಈಗ ಬ್ಯಾಂಕಿನಲ್ಲಿದ್ದಾನೆ. ಇನ್ನೆಲ್ಲಿರುತ್ತಾನೆ?

ಡಬ್ಬಿ ಎಂದರೆ ಹಾಲುಪುಡಿಯದು. ಸುತ್ತ ಬಿಳಿ ಕಾಗದ, ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಮಕ್ಕಳಿಗಾಗಿ'. ಊರಿನ ಅನಾಥಾಲಯದ ಮಕ್ಕಳಿಗೆ ಮಳೆಗಾಲದೊಳಗೆ ಹೊದಿಕೆ ಕೊಡಿಸಬೇಕೆಂದು ನಾವು ಪಿಯುಸಿ ಹುಡುಗರು ಹೊರಟಿದ್ದೆವು. ಮೊದಲ ಅಡ್ಡಿ ಬಂದದ್ದು 'ಕ್ಲಬ್' ಎಂಬ ಪದದಿಂದ. ನಮ್ಮ ಕಡೆ ಕ್ಲಬ್ಬಿಗೆ ಹೋಗುವವನು ಎಂದರೆ ಇಸ್ಪೀಟಾಡುವವನು. ಕೊಬ್ಬರಿ ಮಂಡಿಯ ಸಾಹುಕಾರರು ಕನ್ನಡಕದ ಮೇಲಿಂದ ನೋಡಿ, "ಓದೋ ವಯಸ್ನಲ್ಲಿ ಕ್ಲಬ್ಬಾ? ನಿಮ್ಮಪ್ಪಂಗೆ ಗೊತ್ತಾ?" ಎಂದರು. ಇಸ್ಪೀಟಲ್ಲ, ಸೇವೆ ಎಂದು ತಿಳಿಹೇಳಿದ ಮೇಲೆ ಐದು ರೂಪಾಯಿ ಹಾಕಿದರು. ಹಾಕಿ, ಅಪ್ಪನಿಗೂ ಸುದ್ದಿ ಮುಟ್ಟಿಸಿದರು.

ಪಾಪ, ಅವರದೇನು ತಪ್ಪು? ಲಿಯೋ ಕ್ಲಬ್ಬು ಹುಟ್ಟಿದ್ದು 1957ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಆಬಿಂಗ್ಟನ್ ಹೈಸ್ಕೂಲಿನಲ್ಲಿ. ಅಲ್ಲಿ ಬೇಸ್‌ಬಾಲ್ ಕಲಿಸುತ್ತಿದ್ದ ಜಿಮ್ ಗ್ರೇವರ್ ಲಯನ್ಸ್ ಕ್ಲಬ್ಬಿನವರು. ದೊಡ್ಡವರ ಕ್ಲಬ್ಬಿಗೊಂದು ಮರಿ ಇರಲಿ ಎನ್ನಿಸಿತು. ಐದು ವರ್ಷಕ್ಕೆ ರೋಟರಿಯವರೂ ಫ್ಲಾರಿಡಾದ ಒಂದು ಹೈಸ್ಕೂಲಿನಲ್ಲಿ ಇಂಟರ್‌ಯಾಕ್ಟ್ ಶುರು ಮಾಡಿದರು. ಅಲ್ಲಿಂದ ಹೊರಟದ್ದು ಅಷ್ಟು ಸಮುದ್ರ ದಾಟಿ ಕೊಬ್ಬರಿ ಮಂಡಿ ಮುಟ್ಟುವಷ್ಟರಲ್ಲಿ ಅರ್ಥ ಸ್ವಲ್ಪ ನೆನೆಯದೆ ಇರುತ್ತದೆಯೇ?

ನಮ್ಮ ಸರ್ಕಾರದ್ದೇ ಆದ ಎನ್ನೆಸ್ಸೆಸ್ಸಿಗೆ ಈ ಕಷ್ಟವಿರಲಿಲ್ಲ. ಗಾಂಧಿ ಶತಮಾನೋತ್ಸವದ 1969ರಲ್ಲಿ 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ಆರಂಭವಾದದ್ದು. ಡಿಗ್ರಿಗೆ ಬಂದಾಗ ಅದಕ್ಕೂ ಸೇರಿದೆ. 'ನನಗಲ್ಲ, ನಿನಗೆ' ಎಂಬುದು ಅದರ ಧ್ಯೇಯವಾಕ್ಯ. ಶಿಬಿರದಲ್ಲಿ ಬೆಳಗಿನ ಉಪ್ಪಿಟ್ಟು ಬಂದಾಗ ನಾವು ಅದನ್ನು ಅಕ್ಷರಶಃ ಪಾಲಿಸುತ್ತಿದ್ದೆವು.

1995ರ ಡಿಸೆಂಬರಿನಲ್ಲಿ ಪಲ್ಸ್ ಪೋಲಿಯೋ ಶುರುವಾಯಿತು. ಈ ಸಲ ಡಬ್ಬಿಯಿಲ್ಲ, ಬರಿಗೈ. ಮನೆಮನೆಗೆ ಹೋಗಿ ಮಕ್ಕಳನ್ನು ಬೂತಿಗೆ ಕರೆತರಬೇಕು. ದುಡ್ಡು ಕೇಳುವುದಕ್ಕಿಂತ ಮಗು ಕೇಳುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ದುಡ್ಡಿಲ್ಲ ಎಂದರೆ ಮುಂದಿನ ಅಂಗಡಿಗೆ ಹೋಗಬಹುದು. ಮಗು ಇಲ್ಲ ಎಂದರೆ, ಒಳಗಿಂದ ಅಳು ಕೇಳುತ್ತಿರುವಾಗ, ಎಲ್ಲಿಗೆ ಹೋಗುವುದು? ತಿಂಗಳು ಬಿಟ್ಟು ಇನ್ನೊಂದು ಸುತ್ತು ಬಂತು. "ಹೋದ್ಸಲ ಹಾಕ್ಸಿದೀವಲ್ಲ, ಮತ್ತೆ ಯಾಕೆ?" ಎಂಬ ಪ್ರಶ್ನೆಗೆ ನಮ್ಮಲ್ಲಿ ನೆಟ್ಟಗೆ ಉತ್ತರವಿರಲಿಲ್ಲ, ನರ್ಸಮ್ಮನೇ ಬರಬೇಕಾಯಿತು. ಒಂದು ಮನೆಯ ಅಜ್ಜಿಯಂತೂ ನನ್ನನ್ನು ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು, ಯಾರ ಮಗ, ಯಾವ ಪೈಕಿ ಎಂದೆಲ್ಲ ವಿಚಾರಿಸಿದಳು. ನಾನು ಎರಡನೇ ಲೋಟ ಮುಗಿಸುವಷ್ಟರಲ್ಲಿ ಸೊಸೆ ಹಿತ್ತಿಲ ಬಾಗಿಲಿನಿಂದ ಮಗುವನ್ನೆತ್ತಿಕೊಂಡು ತೋಟ ಸೇರಿದ್ದಳು. 2011ರ ಜನವರಿ 13ರಂದು ಹೌರಾದಲ್ಲಿ ಕಂಡದ್ದೇ ದೇಶದ ಕೊನೆಯ ಪೋಲಿಯೋ ಪ್ರಕರಣವೆಂದು, 2014ರ ಮಾರ್ಚಿನಲ್ಲಿ ಭಾರತ ಪೋಲಿಯೋಮುಕ್ತವಾಯಿತೆಂದು ಪೇಪರಿನಲ್ಲಿ ಓದಿದಾಗ ನನಗೆ ನೆನಪಾದದ್ದು ಆ ಮಜ್ಜಿಗೆ. ಒಗ್ಗರಣೆಗೆ ಇಂಗು ಹಾಕಿದ್ದಳು.

ಹೊದಿಕೆಯ ಕತೆ ಅರ್ಧಕ್ಕೇ ಬಿಟ್ಟೆ. ಡಬ್ಬಿ ಒಡೆದಾಗ ಚಿಲ್ಲರೆ, ಎರಡು ಅಂಗಿ ಗುಂಡಿ, ಯಾವ ಅಂಗಡಿಯವರೂ ಮುಟ್ಟದ ಹರಿದ ನೋಟು ಸಿಕ್ಕವು. ಮೂವತ್ತು ಮಕ್ಕಳಿಗೆ ಹದಿನೆಂಟು ಹೊದಿಕೆಗಾಗುವಷ್ಟು. ಅದರಲ್ಲೂ ಬ್ಯಾನರು, ಹಾರ, ಅತಿಥಿಗಳಿಗೊಂದು ಶಾಲು ಎಂದು ಕಳೆದು ಹದಿನಾಲ್ಕಕ್ಕೆ ಇಳಿಯಿತು. ಹೊದಿಕೆ ಕೊಡುವವರಿಗೆ ಮೊದಲು ಹೊದಿಸಬೇಕೆಂಬುದು ನಮ್ಮ ಸಭೆಗಳ ಶಾಸ್ತ್ರ! ಉಳಿದ ಹದಿನಾರನ್ನು ಮಂಡಿ ಸಾಹುಕಾರರು, ವೇದಿಕೆ ಹತ್ತಲು ಒಪ್ಪದೆ, ಆಳಿನ ಕೈಯಲ್ಲಿ ಕಳಿಸಿದರು.

ಸಮಾರಂಭದಲ್ಲಿ ಒಂದು ಹೊದಿಕೆಗೆ ಎಂಟು ಕೈ. ನಡುವೆ ಏಳೆಂಟು ವರ್ಷದ ಹುಡುಗ. ಇಂಥ ಎಷ್ಟು ಫೋಟೋ ಕಂಡಿದ್ದನೋ, ಅತಿಥಿಗಳ ತೋಳು ಮುಟ್ಟಿ, "ಅಂಕಲ್, ನನ್ನ ಅಲ್ಲ, ಕ್ಯಾಮೆರಾ ನೋಡಿ" ಎಂದ. ಫ್ಲ್ಯಾಶ್ ಹೊಡೆಯಿತು. "ಇನ್ನೊಂದಾ, ಮುಗೀತಾ?" ಎಂದು ಕೇಳಿ, ಮುಗಿಯಿತೆಂದ ಮೇಲೆ ಹೊದಿಕೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋದ.

ಕಳೆದ ತಿಂಗಳು ನಮ್ಮ ಬೀದಿಗೆ ಕಾಲೇಜು ಮಕ್ಕಳು ಬಂದಿದ್ದರು. ಡಬ್ಬಿಯ ಜಾಗದಲ್ಲಿ ಕ್ಯೂಆರ್ ಕೋಡಿನ ರಟ್ಟು. ಒಬ್ಬ ಹುಡುಗನ ಅಪ್ಪನ ಬೇಕರಿಯ ಖಾತೆಯಂತೆ; ರಾತ್ರಿ ಲೆಕ್ಕ ನೋಡಿ ಬೇರೆ ಮಾಡುತ್ತಾರಂತೆ. ದುಡ್ಡು ಬಂತೆಂದು ಕೂಗುವ ಬೇಕರಿಯ ಸೌಂಡ್ ಬಾಕ್ಸನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ನಾನು ಕನ್ನಡಕ ಹುಡುಕುತ್ತಿದ್ದೆ. ಯಾರೂ ಏನೂ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಚೀಲದೊಳಗಿಂದ ಹೆಣ್ಣುದನಿಯೊಂದು "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದಿತು. ತುಸು ಹೊತ್ತಿಗೆ "ನಲವತ್ತೈದು ರೂಪಾಯಿ". ಎದುರುಮನೆಯವರು ಗೇಟು ತೆಗೆದು, ಮೊಬೈಲು ಹಿಡಿದೇ ಹೊರಗೆ ಬಂದರು.

ಅತ್ತ ಬೇಕರಿಯಲ್ಲಿ ಯಾರೋ ಬನ್ನು ತಿಂದಿದ್ದರು. ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ.