ಗುಂಡಿಯಂತ್ರ ಮೀಮಾಂಸೆ: ಪೀಠಗುಂಡಿಯ ಉಪಕರಣಗಳ ಆಯ್ಕೆ, ಅದರ ನೆಲೆಗಳು ಮತ್ತು ಆಯಾಮಗಳು

ಸೋಫಾ, ದಿವಾನ, ಮಂಚದ ತಲೆಹಲಗೆ ಮುಂತಾದ ಮೆತ್ತೆಗಟ್ಟಿದ ಪೀಠೋಪಕರಣಗಳ ಮೇಲೆ ಸಾಲಾಗಿ ಕಾಣಿಸುವ ಗುಂಡಿಯನ್ನು ವಿದ್ವತ್ ವಲಯವು ಇಂದಿಗೂ ಅದರ ಮೇಲೆ ಒರಗಿ ಕುಳಿತೇ ಉಪೇಕ್ಷಿಸುತ್ತ ಬಂದಿರುವುದರಿಂದ, ಮೊದಲಿಗೆ ಅದರ ಲಕ್ಷಣವನ್ನು ನಿರೂಪಿಸುವುದು ಅಗತ್ಯವಾಗುತ್ತದೆ. ಒಳಗೆ ತಗಡು, ಹೊರಗೆ ಬಟ್ಟೆ ಅಥವಾ ರೆಕ್ಸಿನ್ ಇದ್ದು, ಯಾವ ಕಾಜದೊಳಕ್ಕೂ ಪ್ರವೇಶಿಸದೆ ಗುಂಡಿಯೆನಿಸಿಕೊಳ್ಳುವುದೇ ಪೀಠಗುಂಡಿ. ಶೇರ್ವಾನಿಯ ಬಟ್ಟೆಗುಂಡಿಯು ಕಾಜವನ್ನು ಪ್ರವೇಶಿಸುವುದರಿಂದ ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ತಗಲುವುದಿಲ್ಲ; ಆದರೆ ಬಟ್ಟೆ ಸವೆದು ತಗಡು ಹಲ್ಲು ಕಿರಿಯುತ್ತಿರುವ ಹಳೆಯ ಸೋಫಾದ ಗುಂಡಿಗೆ ಇದು ಅನ್ವಯಿಸದೆ ಅವ್ಯಾಪ್ತಿ ದೋಷ ಬರುತ್ತದೆಂದು ಪೂರ್ವಪಕ್ಷದವರು ಆಕ್ಷೇಪಿಸಬಹುದು. ಅಂಥವರು ಮೊದಲು ತಮ್ಮ ಮನೆಯ ಸೋಫಾ ದುರಸ್ತಿ ಮಾಡಿಸಿಕೊಳ್ಳಬೇಕೆಂಬುದೇ ಸಿದ್ಧಾಂತ.

ಈ ಗುಂಡಿಯ ರಚನೆಯಲ್ಲಿ ಎರಡು ಅಂಗಗಳಿವೆ. ಮೇಲಿನ ಉಬ್ಬಿದ ತಗಡಿಗೆ ಟೋಪಿಯೆಂದೂ, ಕೆಳಗಿನದಕ್ಕೆ ತಳವೆಂದೂ ಹೆಸರು. ಗುಂಡಿಯ ವ್ಯಾಸದ ಸುಮಾರು ಎರಡರಷ್ಟು ಅಗಲಕ್ಕೆ ವೃತ್ತಾಕಾರವಾಗಿ ಕತ್ತರಿಸಿದ ಬಟ್ಟೆಯು ಟೋಪಿಯನ್ನು ಆವರಿಸಿ, ತನ್ನ ಅಂಚನ್ನು ಒಳಮುಖವಾಗಿಸಿಕೊಂಡು, ಟೋಪಿಗೂ ತಳಕ್ಕೂ ನಡುವೆ ಸಿಲುಕಿ ಅದೃಶ್ಯವಾಗುವ ಈ ಪ್ರಕ್ರಿಯೆಯನ್ನು ‘ಅಂಚಿನ ಕೇಂದ್ರಾಭಿಮುಖ ಸಂಕಥನ’ವೆಂದೂ, ಅದರಲ್ಲಿ ಬಟ್ಟೆಯ ಅಸ್ಮಿತೆಯು ತಗಡಿನ ಆಧಿಪತ್ಯದೊಡನೆ ನಡೆಸುವ ಅನುಸಂಧಾನವನ್ನು ‘ವೇಷ್ಟನ ರಾಜಕಾರಣ’ವೆಂದೂ ಕರೆಯತಕ್ಕದ್ದು. ಕುಶನ್ ಅಂಗಡಿಗಳಲ್ಲಿ ಇದಕ್ಕೆ ಬಟ್ಟೆ ಮಡಚುವುದು ಎನ್ನುತ್ತಾರೆ.

ಇನ್ನು ಉಪಕರಣಗಳು. ಇವು ಘಾತಜ, ಪೀಡನಜ, ವಾಯುಜವೆಂದು ತ್ರಿವಿಧ. ಕೈಯಲ್ಲಿ ಹಿಡಿಯುವ ಡೈಯ, ಅಂದರೆ ಅಚ್ಚಿನ, ಮೇಲೆ ಸುತ್ತಿಗೆಯಿಂದ ಬಡಿದು ಗುಂಡಿ ಮಾಡುವುದು ಘಾತಜ. ಮೇಜಿಗೆ ಬಿಗಿದ ಯಂತ್ರದ ಹಿಡಿಕೆಯನ್ನು ಒತ್ತಿ ಮಾಡುವುದು ಪೀಡನಜ. ಕಂಪ್ರೆಸರ್ ಗಾಳಿಯ ಬಲದಿಂದ ಮಾಡುವುದು ವಾಯುಜ. ಘಾತಜವು ಮೃದುಘಾತಜ, ಮಧ್ಯಮಘಾತಜ ಮತ್ತು ಹೆಬ್ಬೆರಳುಘಾತಜವೆಂದು ಮತ್ತೆ ಮೂರು ಬಗೆ. ಪೀಡನಜದಲ್ಲಿ ಬಲಗೈ, ಎಡಗೈ ಭೇದದಿಂದ ಎರಡು, ಅವುಗಳಲ್ಲಿ ಎಣ್ಣೆ ಹಾಕಿದ್ದು, ಹಾಕದ್ದು ಎಂದು ನಾಲ್ಕು, ಆ ನಾಲ್ಕರಲ್ಲಿ ಪ್ರತಿಯೊಂದೂ ಸ್ವಂತದ್ದು, ಎರವಲಿನದ್ದು ಎಂದು ಎಂಟಾಗುತ್ತವೆ. ವಾಯುಜದ ಹದಿನಾರು ಉಪಭೇದಗಳನ್ನು ಆಸಕ್ತರು ತಾವೇ ಊಹಿಸಿಕೊಳ್ಳಬಹುದು. ಈ ವರ್ಗೀಕರಣದಿಂದ ಒಂದೇ ಒಂದು ಗುಂಡಿಯೂ ತಯಾರಾಗದೆಂಬುದು ಇಷ್ಟರಲ್ಲಿ ಸ್ಪಷ್ಟವಾಗಿರುವುದರಿಂದ ಇದನ್ನು ಇಲ್ಲಿಗೇ ಕೈಬಿಡಲಾಗಿದೆ.

ಗಾತ್ರದ ವಿಷಯ ಹೆಚ್ಚು ಗಹನವಾದುದು. ಗುಂಡಿಯನ್ನು ಅಳೆಯುವ ಮಾನಕ್ಕೆ ಲಿನ್ಯೆ ಅಥವಾ ಲೈನ್ ಎಂದು ಹೆಸರು. ಫ್ರಾನ್ಸಿನ ಹಳೆಯ ಅಳತೆಯಲ್ಲಿ ಇದು ಪ್ಯಾರಿಸ್ ಅಂಗುಲದ 12ನೆಯ ಒಂದು ಭಾಗ, ಅಂದರೆ ಸುಮಾರು 2.26 ಮಿಲಿಮೀಟರ್, ಗುಂಡಿ ವ್ಯಾಪಾರದಲ್ಲಿಯಾದರೋ ಇಂಚಿನ 40ನೆಯ ಒಂದು ಭಾಗ, ಅಂದರೆ 0.635 ಮಿಲಿಮೀಟರ್. ಹೀಗೆ 30ರ ಗುಂಡಿಯೆಂದರೆ ಮುಕ್ಕಾಲು ಇಂಚು, 36ರದ್ದು ಇಂಚಿಗೆ ಒಂದಿಷ್ಟು ಕಡಿಮೆ, 60ರದ್ದು ಒಂದೂವರೆ ಇಂಚು. ಗುಂಡಿಯ ಬೆನ್ನ ಬಗೆಗೂ ದ್ವೈತವುಂಟು. ತಂತಿಯ ಕೊಂಡಿಯೇ ಪ್ರಮಾಣವೆನ್ನುವ ಕೊಂಡಿವಾದಿಗಳಿಗೂ, 1825ರಲ್ಲಿ ಇಂಗ್ಲೆಂಡಿನ ಸ್ಯಾಂಡರ್ಸ್ ಲೋಹದ ಕೊಂಡಿಯ ಬದಲು ಕ್ಯಾನ್ವಾಸ್ ಬಟ್ಟೆಯ ಕುಚ್ಚನ್ನು ಇಟ್ಟಂದಿನಿಂದ ಹುಟ್ಟಿದ ಕುಚ್ಚುವಾದಿಗಳಿಗೂ ನಡೆಯಬಹುದಾದ ವಾಗ್ವಾದವನ್ನು ಇಲ್ಲಿ ವಿಸ್ತರಿಸಿಲ್ಲ. ಸೋಫಾದ ಗುಂಡಿಯನ್ನು ಹುರಿಯಿಂದ ಬಲವಾಗಿ ಎಳೆದು ಕಟ್ಟಬೇಕಾದುದರಿಂದ ಅಂಗಡಿಯವನು ಕೊಂಡಿಯದನ್ನೇ ಕೊಳ್ಳುತ್ತಾನೆ.

ಆಯ್ಕೆಯ ಪ್ರಶ್ನೆಗೆ ನಿಜವಾದ ಉತ್ತರವು ಯಂತ್ರದಲ್ಲಿಲ್ಲ, ಡೈಯಲ್ಲಿದೆ. ಡೈಯ ಬಾಯಿಯಲ್ಲಿ ಬಟ್ಟೆಯ ವೃತ್ತವನ್ನು ಮುಖ ಕೆಳಗಾಗಿಸಿ, ಅದರ ಮೇಲೆ ಟೋಪಿಯನ್ನು ಉಬ್ಬು ಕೆಳಗಾಗಿಸಿ ಇಟ್ಟು ಹಿಡಿಕೆಯನ್ನು ಒತ್ತಿದಾಗ ಎರಡೂ ಒಳಗಿಳಿದು ಬಟ್ಟೆಯ ಅಂಚು ಸುತ್ತಲೂ ಮೇಲೆದ್ದು ನಿಲ್ಲುತ್ತದೆ. ಅದನ್ನು ಒಳಕ್ಕೆ ಮಡಚಿ, ತಳವನ್ನಿಟ್ಟು ಇನ್ನೊಮ್ಮೆ ಒತ್ತಿದಾಗ ಟೋಪಿಯ ಅಂಚು ತಳವನ್ನು ಕಚ್ಚಿಕೊಳ್ಳುತ್ತದೆ. ಒಬ್ಬ ತಯಾರಕನ ಡೈಗೆ ಇನ್ನೊಬ್ಬನ ಟೋಪಿಯು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಈ ಕಚ್ಚು ಹಿಡಿಯುವುದಿಲ್ಲ. ದಪ್ಪ ವೆಲ್ವೆಟ್ ಆದರೆ ಟೋಪಿ ನಜ್ಜಾಗುತ್ತದೆ, ತೆಳು ಬಟ್ಟೆಯಾದರೆ ತಳ ಸಡಿಲವಾಗಿ ಅಲುಗುತ್ತದೆ, ಹೂವಿನ ಬಟ್ಟೆಯಾದರೆ ಹೂವು ಪಕ್ಕಕ್ಕೆ ಸರಿದು ಗಿರಾಕಿಯ ಮುಖ ಗಂಟಿಕ್ಕುತ್ತದೆ. ದಬ್ಬಣಕ್ಕೆ ಪೋಣಿಸಿದ ಹುರಿಯನ್ನು ಸ್ಪಂಜಿನ ಆಚೆಗೆ ಎಳೆದು ಚೌಕಟ್ಟಿಗೆ ಬಿಗಿಯುವಾಗ ಕೊಂಡಿಯು ಕಿತ್ತು ಬಂದರೆ ಗುಂಡಿಯ ಜತೆಗೆ ಅರ್ಧ ದಿನದ ಕೆಲಸವೂ ಹೋಗುತ್ತದೆ. ಆದುದರಿಂದ ಟೋಪಿ ಮತ್ತು ತಳ ಊರಿನಲ್ಲಿ ವರ್ಷವಿಡೀ ಸಿಗುವ ಅಳತೆಗೆ ಹೊಂದುವ ಡೈಯನ್ನೇ ಮೊದಲು ನೋಡಿ, ಅನಂತರ ಯಂತ್ರವನ್ನು ನೋಡುವುದೇ ಕ್ರಮ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟು ಹೊಲಿಯುವ ಹುಡುಗನು ಇದನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತಾನೆ. ಅವನ ವಾಕ್ಯದಲ್ಲಿ ನೆಲೆಯೂ ಇರುವುದಿಲ್ಲ, ಆಯಾಮವೂ ಇರುವುದಿಲ್ಲ.

ಅಂಚು, ಕೇಂದ್ರ, ಶ್ರಮ, ದೇಹ ಎಂಬ ಪದಗಳನ್ನು ವಿಚಾರ ಸಂಕಿರಣದ ಮೆತ್ತನೆಯ ಕುರ್ಚಿಯಲ್ಲಿ ಕುಳಿತು ಎರಡು ಗಂಟೆ ಉಚ್ಚರಿಸಿದ ಪಂಡಿತನು ಬೆನ್ನಿಗೆ ಒತ್ತುತ್ತಿರುವ ಗುಂಡಿಯನ್ನು ಯಾರು ಕಟ್ಟಿದರೆಂದು ಒಮ್ಮೆಯೂ ಕೇಳುವುದಿಲ್ಲ. ಬಾಯಿಯಲ್ಲಿ ಮೊಳೆ ಕಚ್ಚಿಕೊಂಡು, ಬೆನ್ನು ಬಾಗಿಸಿ, ಹುರಿ ಕೊಯ್ದು ಬೆರಳ ಸಂದು ಸೀಳಿಕೊಂಡವನ ಕಸುಬಿಗೆ ಪ್ರಬಂಧ ಬೇಕಾಗಿಲ್ಲ; ಒಂದು ಹೆಸರು ಬೇಕು. ಅದೂ ಇಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು 18 ಕಸುಬುಗಳನ್ನು ಹೆಸರಿಸಿ, ಉಪಕರಣಗಳಿಗಾಗಿ 15,000 ರೂಪಾಯಿವರೆಗೆ ನೆರವು ಕೊಡುತ್ತದೆ. ಪಟ್ಟಿಯಲ್ಲಿ ಬಡಗಿಯಿದ್ದಾನೆ, ದರ್ಜಿಯಿದ್ದಾನೆ, ಚಪ್ಪಲಿ ಹೊಲಿಯುವವನಿದ್ದಾನೆ, ನಾರು ನೇಯುವವನೂ ಇದ್ದಾನೆ, ಇರಲೇಬೇಕಾದವರು ಅವರು. ಮರದ ಚೌಕಟ್ಟು ಸರಿಪಡಿಸಿ, ಅದರ ಮೇಲೆ ನಾರು ಹಾಸಿ, ರೆಕ್ಸಿನ್ ಹೊಲಿದು, ಮೊಳೆ ಹೊಡೆಯುವ ಕುಶನ್ ಕೆಲಸದವನು ಈ ನಾಲ್ವರ ಕೆಲಸವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಾನೆ, ಅದಕ್ಕೇ ಯಾರೂ ಆಗುವುದಿಲ್ಲ. ಘಾತಜ, ಪೀಡನಜವೆಂದು ಗುಂಡಿಯಂತ್ರಕ್ಕೆ ಸಾಲು ಸಾಲು ಉಪಭೇದ ಕಲ್ಪಿಸುವುದು ಹುಚ್ಚೆಂದು ನಗಬಹುದು. ಮನುಷ್ಯನನ್ನೇ ಬಿಟ್ಟುಬಿಡುವ ವರ್ಗೀಕರಣಕ್ಕೆ ನಗು ಬರುವುದಿಲ್ಲ.

ಆ ಯೋಜನೆಯ ಅರ್ಜಿಯಲ್ಲಿ ಕುಶನ್ ಕೆಲಸದವನು ತನ್ನನ್ನು ದರ್ಜಿಯೆಂದು ಬರೆದುಕೊಳ್ಳಬೇಕೆ, ಬಡಗಿಯೆಂದು ಬರೆದುಕೊಳ್ಳಬೇಕೆ ಎಂಬುದನ್ನು ಅತಿವ್ಯಾಪ್ತಿ, ಅವ್ಯಾಪ್ತಿಗಳನ್ನು ಬಲ್ಲ ಯಾರಾದರೂ ಬಗೆಹರಿಸಿಕೊಡಬಹುದು. ಅಲ್ಲಿಯವರೆಗೆ ಡೈಯನ್ನು ಕೈಯಿಂದಲೇ ಹಣ ಹಾಕಿ ಕೊಳ್ಳಬೇಕಾದುದರಿಂದ, ಮೊದಲು 30 ಮತ್ತು 36ರ ಡೈ, ಅವಕ್ಕೆ ಹೊಂದುವ ಬಟ್ಟೆ ಕತ್ತರಿಸುವ ಕಟರ್ ಕೊಂಡರೆ ಸಾಕು. 60ರದ್ದನ್ನು ಗಿರಾಕಿ ಮುಂಗಡ ಕೊಟ್ಟ ಮೇಲೆ ನೋಡಿಕೊಳ್ಳಬಹುದು.