ಲೀಟರ್ ಲೆಕ್ಕದ ಕಂಪ್ಯೂಟರ್

ಹಾಲು, ಎಣ್ಣೆ, ಪೆಟ್ರೋಲನ್ನು ಲೀಟರಿನಲ್ಲಿ ಅಳೆಯುವುದು ಎಲ್ಲರಿಗೂ ಗೊತ್ತು. ಕಂಪ್ಯೂಟರನ್ನೂ ಲೀಟರಿನಲ್ಲಿ ಅಳೆಯುವವರ ಪಂಗಡವೊಂದಿದೆ. ನಿಮ್ಮ ಮನೆಯಲ್ಲಿ ಅಂಥವರು ಇನ್ನೂ ಹುಟ್ಟಿಲ್ಲವಾದರೆ ನೆಮ್ಮದಿಯಾಗಿರಿ; ನಮ್ಮಲ್ಲಿ ಹುಟ್ಟಿದ್ದಾನೆ. ಅಣ್ಣನ ಮಗ. "ಚಿಕ್ಕಪ್ಪ, ಹತ್ತು ಲೀಟರ್ ಒಳಗೆ ಮುಗಿಸ್ಬೇಕು ಅಂತಿದೀನಿ" ಎಂದು ಅವನು ಫೋನಿನಲ್ಲಿ ಹೇಳುವುದನ್ನು ಕೇಳಿದವರು, ಮನೆಯಲ್ಲಿ ಏನೋ ಶುಭಕಾರ್ಯವಿದೆ, ತುಪ್ಪದ ಲೆಕ್ಕ ನಡೆದಿದೆ ಎಂದುಕೊಂಡಾರು.

ಅವನು ಹೇಳುತ್ತಿರುವುದು ಗೇಮಿಂಗ್ ಪಿಸಿಯ ಕ್ಯಾಬಿನೆಟ್ ವಿಚಾರ. ಉದ್ದ, ಅಗಲ, ಎತ್ತರ ಗುಣಿಸಿದರೆ ಬರುವ ಅಳತೆ ಅದು. ಮಾಮೂಲಿ ಟವರ್ ಕ್ಯಾಬಿನೆಟ್ಟುಗಳು 40 ಲೀಟರ್ ದಾಟುತ್ತವೆ. 20ರ ಕೆಳಗೆ ಇಳಿದರೆ ಈ ಪಂಗಡದವರು ತಲೆದೂಗುತ್ತಾರೆ, 10ರ ಕೆಳಗೆ ಇಳಿದರೆ ಕೈಮುಗಿಯುತ್ತಾರೆ. ಜರ್ಮನಿಯ ಡ್ಯಾನ್ ಕೇಸಸ್‌ನವರ ಎ4-ಎಸ್‌ಎಫ್‌ಎಕ್ಸ್ 7.2 ಲೀಟರಿನದು, ಅದರ ಹೆಸರೆತ್ತುವಾಗ ನಮ್ಮ ಹುಡುಗ ದನಿಯನ್ನೇ ತಗ್ಗಿಸುತ್ತಾನೆ.

"ಅಷ್ಟು ಚಿಕ್ಕದು ಯಾಕೋ?" ಎಂದು ಕೇಳಿದೆ.

"ಟೇಬಲ್ ಮೇಲೆ ಜಾಗ ಉಳಿಯತ್ತೆ. ರಜಾ ಬಂದ್ರೆ ಬ್ಯಾಗಲ್ಲಿ ಹಾಕ್ಕೊಂಡು ಊರಿಗೂ ತಗೊಂಡು ಹೋಗ್ಬಹುದು."

"ಆ 32 ಇಂಚಿನ ಮಾನಿಟರು?"

ಆ ಪ್ರಶ್ನೆ ಅವನ ಕಿವಿಗೆ ಬೀಳಲಿಲ್ಲ. ಉಳಿದ ಜಾಗದ ಕಥೆಯೂ ಅಷ್ಟೆ. ಕರೆಂಟು ಹೋದರೆ ಆಟ ನಿಲ್ಲಬಾರದೆಂದು ಟೇಬಲ್ಲಿನ ಕೆಳಗೊಂದು ದಪ್ಪ ಯುಪಿಎಸ್ ಕೂತಿದೆಯಲ್ಲ, ಅದು ಎಷ್ಟು ಲೀಟರ್ ಎಂದು ಯಾರೂ ಗುಣಿಸುವುದಿಲ್ಲ.

ಚಿಕ್ಕ ಪಿಸಿಯಲ್ಲಿ ಮದರ್‌ಬೋರ್ಡಿನ ಅಳತೆ ಆರಿಸುವ ಮಾತೇ ಇಲ್ಲ. ಮಿನಿ-ಐಟಿಎಕ್ಸ್ ಬಿಟ್ಟರೆ ಗತಿಯಿಲ್ಲ. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಅಳತೆ ಅದು, 170 ಮಿಲಿಮೀಟರಿನ ಚೌಕ. ಕಡಿಮೆ ಕರೆಂಟು ತಿನ್ನುವ ಸಾಧುಪ್ರಾಣಿಗಳಿಗೆಂದು ಮಾಡಿದ್ದು. ಮುಂದೊಂದು ದಿನ ಇದರ ಮೇಲೆ 575 ವಾಟಿನ ಗ್ರಾಫಿಕ್ಸ್ ಕಾರ್ಡ್ ಕೂರಿಸುತ್ತಾರೆಂದು ಆ ಪುಣ್ಯಾತ್ಮರು ಕನಸಿನಲ್ಲೂ ನೆನೆದಿರಲಿಕ್ಕಿಲ್ಲ. 305ಕ್ಕೆ 244 ಮಿಲಿಮೀಟರಿನ ಪೂರ್ತಿ ಎಟಿಎಕ್ಸ್ ಬೋರ್ಡಿಗೆ ಹೋಲಿಸಿದರೆ ಇದರ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆ. ಸಾಮಾನ್ಯವಾಗಿ ರ್‍ಯಾಮಿಗೆ ಎರಡೇ ಸ್ಲಾಟು, ಕಾರ್ಡಿಗೆ ಒಂದೇ. ಹಾಗಾದರೆ ಬೆಲೆಯೂ ಕಡಿಮೆಯಿರಬೇಕಲ್ಲ? ಅದೇ ಚಿಪ್‌ಸೆಟ್ಟಿನ ದೊಡ್ಡ ಬೋರ್ಡಿಗಿಂತ ಸಾಮಾನ್ಯವಾಗಿ ಹೆಚ್ಚು! ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿ ನೋಡಿ. "ಆರ್ಡರ್ ಕೊಟ್ರೆ ತರಿಸ್ತೀವಿ ಸಾರ್. ಯಾಕೆ ಸುಮ್ನೆ, ಮೈಕ್ರೋ ತಗೊಳ್ಳಿ, ಅದೂ ಚಿಕ್ಕದೇ" ಎನ್ನುತ್ತಾರೆ. ಮೈಕ್ರೋ ಎಂದರೆ 244 ಮಿಲಿಮೀಟರಿನ ಚೌಕ. ನಮ್ಮ ಹುಡುಗ ಅವರನ್ನು ನೋಡಿದ ನೋಟವನ್ನು ನೀವು ಕಾಣಬೇಕಿತ್ತು.

ಇನ್ನು ಗ್ರಾಫಿಕ್ಸ್ ಕಾರ್ಡು. ಇಡೀ ತಮಾಷೆಯಿರುವುದು ಇಲ್ಲಿಯೇ. ಲೋಕವೆಲ್ಲ ಕ್ಯಾಬಿನೆಟ್ ಕುಗ್ಗಿಸುವ ಹಟದಲ್ಲಿದ್ದಾಗ ಕಾರ್ಡುಗಳು ಉಬ್ಬುತ್ತಾ ಹೋದವು. 2022ರಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 4090 ಫೌಂಡರ್ಸ್ ಎಡಿಷನ್ನಿನ ಅಳತೆ 304, 137, 61 ಮಿಲಿಮೀಟರ್. ನಾನೂ ಗುಣಿಸಿದೆ, ಚಟ ಅಂಟಿಕೊಳ್ಳುತ್ತದೆ ನೋಡಿ: ಕಾರ್ಡೊಂದೇ ಎರಡೂವರೆ ಲೀಟರ್! ಹುಡುಗನ ಆರಾಧ್ಯದೈವವಾದ ಆ 7.2 ಲೀಟರಿನ ಡಬ್ಬಿಗೆ ಅದು ಹೋಗುವುದೇ ಇಲ್ಲ. ಗೊಂದಲ ಕಂಡು ಎನ್ವಿಡಿಯಾದವರೇ 2024ರಲ್ಲಿ ಚಿಕ್ಕ ಪಿಸಿಗೆ ಒಗ್ಗುವ ಕಾರ್ಡುಗಳಿಗೆ ಮಿತಿ ಹಾಕಿದರು: 304 ಉದ್ದ, 151 ಎತ್ತರ, 50 ದಪ್ಪ. ಮರುವರ್ಷ ಅವರ 5090 ಫೌಂಡರ್ಸ್ ಎಡಿಷನ್ ಎರಡೇ ಸ್ಲಾಟಿಗೆ ತೆಳ್ಳಗಾಗಿ ಬಂತು. ಪಂಗಡದಲ್ಲಿ ಹಬ್ಬವೋ ಹಬ್ಬ. ಆ 575 ವಾಟ್ ತಿನ್ನುವುದು ಇದೇ ತೆಳ್ಳಗಿನ ಮಹಾರಾಯ.

ತಿಂದದ್ದೆಲ್ಲ ಕೊನೆಗೆ ಬಿಸಿಯಾಗಿ ಹೊರಗೆ ಬರಲೇಬೇಕು. ಡಬ್ಬಿ ಚಿಕ್ಕದಾಯಿತೆಂದು ಬಿಸಿ ಚಿಕ್ಕದಾಗುವುದಿಲ್ಲ. ಯುರೋಪಿನ ಯಾವುದೋ ತಣ್ಣನೆಯ ಕೋಣೆಯಲ್ಲಿ ಕೂತವನು ವಿಡಿಯೋದಲ್ಲಿ "75 ಡಿಗ್ರಿ, ಪರವಾಗಿಲ್ಲ" ಎಂದರೆ ಅದು ಅವನ ಕೋಣೆಯ ಮಾತು. ಕೋಣೆ ಹತ್ತು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಚಿಪ್ಪೂ ಹತ್ತಿರಹತ್ತಿರ ಅಷ್ಟೇ ಹೆಚ್ಚು ಬಿಸಿಯಾಗುತ್ತದೆ. ಬೆಂಗಳೂರಿನವರು ಹೇಗೋ ಬಚಾವಾದಾರು. ಮೇ ತಿಂಗಳ ಕಲಬುರಗಿಯಲ್ಲಿ 7 ಲೀಟರಿನ ಡಬ್ಬಿ ಇಟ್ಟುಕೊಳ್ಳುವವರ ಧೈರ್ಯಕ್ಕೆ ನನ್ನದೊಂದು ನಮಸ್ಕಾರ.

ಅದಕ್ಕೇ ಪ್ರೊಸೆಸರ್ ಆರಿಸುವಾಗ ಮಿತಾಹಾರಿಯನ್ನೇ ಹುಡುಕಬೇಕು. ಇಂಟೆಲ್ಲಿನ ಕೋರ್ ಐ9-14900ಕೆ ರಭಸಕ್ಕೆ ಬಿದ್ದರೆ 253 ವಾಟ್ ತನಕ ಹೋಗುತ್ತದೆ. ಎಎಂಡಿಯ ರೈಝನ್ 7 7800ಎಕ್ಸ್3ಡಿ 2023ರಲ್ಲಿ ಬಂದಾಗ ಈ ಪಂಗಡ ಕುಣಿದದ್ದು ಸುಮ್ಮನೆ ಅಲ್ಲ. ಅದರಲ್ಲಿ ಆಟಕ್ಕೆ ನೆರವಾಗುವ 96 ಎಂಬಿ ಎಲ್3 ಕ್ಯಾಶ್ ಇದೆ. ಆಟದಲ್ಲಿ ಮುಂದೆ, ಊಟದಲ್ಲಿ ಹಿಂದೆ. ದುಡ್ಡು ಉಳಿಸುವವರಿಗೆ 65 ವಾಟಿನ ರೈಝನ್ 5 7600 ಸಾಕು. ಅದರ ಮೇಲೆ ಆಸ್ಟ್ರಿಯಾದ ನೋಕ್ಟುವಾದವರ 37 ಮಿಲಿಮೀಟರ್ ಎತ್ತರದ ಕೂಲರ್ ಕೂರಿಸಬಹುದು. ಅದರ ಫ್ಯಾನಿನ ಕಂದು ಬಣ್ಣ ನೋಡಿ ನಮ್ಮತ್ತಿಗೆ "ಇದೇನೋ, ಹಳೇದು ಕೊಟ್ಟಿದಾರಾ?" ಎಂದು ಕೇಳಿದ್ದರಲ್ಲಿ ಅವರ ತಪ್ಪೇನೂ ಇಲ್ಲ.

ಈ ಲೋಕದಲ್ಲಿ ಒಬ್ಬರಿಗೆ ಜಾಗ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಸ್ವೀಡನ್ನಿನ ಫ್ರ್ಯಾಕ್ಟಲ್ ಡಿಸೈನ್‌ನವರ ಟೆರ್‍ರಾ ಕ್ಯಾಬಿನೆಟ್ 10.4 ಲೀಟರಿನದು, ಮುಂದುಗಡೆ ಮರದ ಪಟ್ಟಿಯಿಟ್ಟು ಅಂದ ಮಾಡಿದ್ದಾರೆ. ಅದರ ನಡುವಿನ ಗೋಡೆಯನ್ನು ಆಚೀಚೆ ಸರಿಸಬಹುದು. ಕಾರ್ಡಿನ ಕಡೆ ಸರಿಸಿದರೆ ಎತ್ತರದ ಕೂಲರ್ ಹಿಡಿಯುತ್ತದೆ, ಕೂಲರ್ ಕಡೆ ಸರಿಸಿದರೆ ದಪ್ಪನೆಯ ಕಾರ್ಡ್. ಎರಡೂ ಬೇಕೆಂದರೆ ಮುಚ್ಚಳ ಮುಚ್ಚುವುದಿಲ್ಲ. ತಲೆಯ ಮೇಲೆ ಬಣ್ಣದ ದೀಪ ಹೊತ್ತ ರ್‍ಯಾಮ್ ತಂದರೆ ಅದು ಕೂಲರಿಗೆ ತಾಗುತ್ತದೆ. ಸ್ಲಾಟೂ ಎರಡೇ, ಒಂದೊಂದಾಗಿ ಸೇರಿಸಿಕೊಳ್ಳೋಣ ಎನ್ನುವಂತಿಲ್ಲ, ಬೇಕಾದಷ್ಟನ್ನು ಮೊದಲೇ ಹಾಕಿಸಬೇಕು. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಹಸಿವಿಗೆ ರ್‍ಯಾಮಿನ ಬೆಲೆ ಗಗನಕ್ಕೇರಿದಾಗ ಈ ಮಾತಿನ ಬಿಸಿ ಚೆನ್ನಾಗಿಯೇ ತಟ್ಟಿತು.

ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಕೂಡ ಬೇರೆಯೇ ಜಾತಿಯದು. ಎಸ್‌ಎಫ್‌ಎಕ್ಸ್ ಎನ್ನುತ್ತಾರೆ: 125, 100, 63.5 ಮಿಲಿಮೀಟರ್. ಅಷ್ಟರಲ್ಲೇ 850 ವಾಟ್ ಕೊಡುವಂಥವೂ ಇವೆ, ಬೆಲೆಯೂ ಜೋರಾಗಿಯೇ ಇದೆ. ಅದರಿಂದ ಕಾರ್ಡಿಗೆ ಹೋಗುವ 16 ಪಿನ್ನಿನ ಕೇಬಲ್ಲನ್ನು ಮಾತ್ರ ಮಿತ್ರರೇ, ಹುಡುಗಾಟ ಎಂದು ತಿಳಿಯಬೇಡಿ. 4090 ಬಂದ ಹೊಸತರಲ್ಲಿ ಅದರ ತುದಿ ಕರಗಿದ್ದು ಎಲ್ಲೆಡೆ ಸುದ್ದಿಯಾಯಿತು. ಕನೆಕ್ಟರು ಪೂರ್ತಿ ಒಳಗೆ ಕೂರಬೇಕು. ಅಲ್ಲಿಂದ 35 ಮಿಲಿಮೀಟರ್ ತನಕ ಕೇಬಲ್ ಮಡಚಬಾರದು ಎಂಬ ಸೂಚನೆ ಇದೆ. ಚಿಕ್ಕ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಒತ್ತುವುದು ಸರಿಯಾಗಿ ಅಲ್ಲಿಗೇ.

ಇಷ್ಟೆಲ್ಲ ಕೂಡಿಸಿ ಬಟನ್ ಒತ್ತಿದಾಗ ಫ್ಯಾನ್ ತಿರುಗಿಯೂ ಪರದೆ ಕಪ್ಪಗೇ ಉಳಿದರೆ ಎದೆ ಹಿಡಿದುಕೊಳ್ಳಬೇಡಿ. ಕಾರ್ಡನ್ನು ಬೋರ್ಡಿನ ಬೆನ್ನಿಗೆ ತಿರುಗಿಸಿ ಕೂರಿಸುವ ಕ್ಯಾಬಿನೆಟ್ಟುಗಳಲ್ಲಿ ಇವೆರಡನ್ನೂ ಜೋಡಿಸುವ ರೈಸರ್ ಕೇಬಲ್ ಇರುತ್ತದೆ. ಕೇಬಲ್ ಮೂರನೇ ತಲೆಮಾರಿನದಾಗಿ, ಬೋರ್ಡು ಮತ್ತು ಕಾರ್ಡು ನಾಲ್ಕನೆಯದಾಗಿದ್ದರೆ ಅವುಗಳ ಮಾತು ಕೆಲವೊಮ್ಮೆ ಕೂಡುವುದಿಲ್ಲ. ಆಗ ಬಯಾಸಿಗೆ ಹೋಗಿ ಸ್ಲಾಟನ್ನು ಜೆನ್ 3ಕ್ಕೆ, ಎಂದರೆ ಮೂರನೇ ತಲೆಮಾರಿಗೆ, ಇಳಿಸಬೇಕು. ಬಯಾಸ್ ಕಾಣಲು ಪರದೆ ಬೇಕಲ್ಲ ಎಂದಿರಾ? ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇರುವುದನ್ನು ಆರಿಸಿದ್ದರೆ ಬೋರ್ಡಿನ ಕಿಂಡಿಗೇ ಮಾನಿಟರ್ ಸಿಕ್ಕಿಸಿ ನೋಡಬಹುದು. ಮೇಲೆ ಹೇಳಿದ ಎರಡೂ ರೈಝನ್ನುಗಳಲ್ಲಿ ಅದಿದೆ.

ಒಮ್ಮೆ ತಡೆಯಲಾರದೆ ಹೇಳಿಯೇಬಿಟ್ಟೆ: "ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2020ರಲ್ಲೇ 7 ಲೀಟರ್ ಒಳಗೆ ಎಲ್ಲಾ ತುಂಬ್ಕೊಂಡು ಬಂತಲ್ಲೋ, ಪವರ್ ಸಪ್ಲೈ ಸಮೇತ. ಅದನ್ನೇ ತಗೋಬಾರದಾ?"

"ಅದನ್ನ ನಮಗೆ ಬೇಕಾದ ಹಾಗೆ ಬಿಚ್ಚಿ ಕಟ್ಟೋಕಾಗಲ್ಲ ಚಿಕ್ಕಪ್ಪ" ಎಂದ, ನನ್ನ ಅಜ್ಞಾನಕ್ಕೆ ಮರುಗುತ್ತಾ.

ನನ್ನ ತೀರ್ಪು ಕೇಳುತ್ತೀರಾದರೆ, 10 ಲೀಟರಿನ ಮೋಹ ಬಿಡಿ, 18ರ ಆಸುಪಾಸಿನಲ್ಲಿ ನಿಲ್ಲಿ. ಕೂಲರ್ ಮಾಸ್ಟರಿನ ಎನ್ಆರ್200 ಅಂಥದ್ದು, 18.25 ಲೀಟರ್. 155 ಮಿಲಿಮೀಟರ್ ಎತ್ತರದ ಟವರ್ ಕೂಲರೂ ಹಿಡಿಯುತ್ತದೆ, ಮೂರು ಸ್ಲಾಟಿನ ಕಾರ್ಡೂ ಹಿಡಿಯುತ್ತದೆ. ಕಾರ್ಡು ನೇರ ಬೋರ್ಡಿಗೇ ಕೂರುವುದರಿಂದ ರೈಸರಿನ ರಗಳೆಯೂ ಇಲ್ಲ. ಮೊದಲು ಕ್ಯಾಬಿನೆಟ್, ಆಮೇಲೆ ಕಾರ್ಡ್, ಉಳಿದ ಜಾಗ ನೋಡಿ ಕೂಲರ್. ಈ ಕ್ರಮ ತಪ್ಪಿಸಬೇಡಿ. ಎಸ್‌ಎಂಪಿಎಸ್‌ನಲ್ಲಿ ಚೌಕಾಸಿ ಬೇಡ. ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಅಳತೆ ಟೇಪು ಇಟ್ಟುಕೊಳ್ಳಿ. ಡಬ್ಬದ ಮೇಲೆ ಬರೆದ ದಪ್ಪವನ್ನು ಪೂರ್ತಿ ನಂಬಬೇಡಿ.